ಡಂಗುರದಿಂದ ಗೆಜೆಟ್‌ವರೆಗೆ: ನಮ್ಮ ಹೊಳಿ, ನಮ್ಮ ಪಂಚಾಯತಿ ಮತ್ತು ಪರಿಸರದ ಕಾಯ್ದೆ

ಈ ವಾರ ಕಬ್ಬಿನ ಗೊಣ್ಣೆಹುಳದ ಬಗ್ಗೆ ಬರೀಬೇಕು ಅಂತ ಮಾಡಿದ್ದೆ, ಫೋಟೋನೂ ತಗದಿಟ್ಟೇನಿ. ಅದನ್ನ ಮುಂದಿನ ವಾರ ನೋಡೋಣು. ಯಾಕಂದ್ರ ಮೊನ್ನೆ ಸಂತಿ ದಿವಸ ಧುಪದಾಳ ಕಡೆಯ ಒಬ್ಬ ಹುಡುಗ ಸಿಕ್ಕಿದ್ದ. "ಕಾಕಾ, ಪಕ್ಷಿಧಾಮದ ಸನೇಕ ಹೊಲ ಇದ್ರ ಒಂದು ದನದ ಶೆಡ್ಡೂ ಕಟ್ಟಂಗಿಲ್ಲಂತ, ಖರೇ ಏನ್ರಿ?" ಅಂತ ಕೇಳಿದ. ಯಾರು ಹೇಳಿದ್ರೋ ತಮ್ಮಾ ಅಂದ್ರ, "ಪಂಚಾಯತಿಯಾಗ ಹೇಳಿದ್ರು" ಅಂದ. ಇದಕ್ಕ ಹೌದು, ಇಲ್ಲ ಅಂತ ಒಂದ ಮಾತಿನ್ಯಾಗ ಹೇಳಾಕ ಬರೂದಿಲ್ಲ. ಸ್ವಲ್ಪ ಹಿಂದಕ್ಕ ಹೋಗಬೇಕಾಗತೈತಿ.

ನಮ್ಮ ಘಟಪ್ರಭಾ ಹೊಳಿಗೆ ಕಾನೂನು ಹೊಸದಲ್ಲ. 1879ರಲ್ಲೇ ಮುಂಬಯಿ ಸರಕಾರ ನೀರಾವರಿ ಕಾಯ್ದೆ ಮಾಡಿತ್ತು, ಆಗ ನಾವು ಮುಂಬಯಿ ಪ್ರಾಂತದವರು. 1885ರಲ್ಲಿ ಫಾಲ್ಸಿನ ದಂಡಿಗೆ ಮಿಲ್ಲು ಬಂತು, 1887ರಲ್ಲಿ ಬೀಳೋ ನೀರಿನಿಂದ ಕರೆಂಟು ತಗದರು. 1897ಕ್ಕ ಧುಪದಾಳದ ಒಡ್ಡು ಮುಗೀತು, ಕಾಲುವಿ ಬಂತು. ಅಲ್ಲಿಂದ ಮುಂದ ಯಾವಾಗ ನೀರು, ಯಾರಿಗೆ ನೀರು, ಎಷ್ಟು ಕರ ಅನ್ನೋದೆಲ್ಲ ಕಾಗದದ ಮ್ಯಾಲೆ ಬಂತು. ಕಾಯ್ದೆ ಇಂಗ್ಲಿಷಿನ್ಯಾಗ, ಹಳೇ ದಾಖಲೆಗಳು ಎಷ್ಟೋ ಮೋಡಿ ಲಿಪಿಯಾಗ. ನಮ್ಮಜ್ಜಗ ಎರಡೂ ಓದಾಕ ಬರತಿರಲಿಲ್ಲ, ಕನ್ನಡದ ಸಹೀನೂ ಅಷ್ಟಕ್ಕಷ್ಟ. ಆದರ ತಳವಾರ ಹಲಗಿ ಬಡಕೊಂತ ಬಂದು, ಇಂಥಾ ದಿವಸ ಕಾಲುವಿಗೆ ನೀರು, ಇಂಥಾ ದಿವಸದೊಳಗ ಕರ ಕಟ್ಟಬೇಕು ಅಂತ ಓಣಿ ಓಣಿಗೆ ಒದರತಿದ್ದನಂತ. ಹಂಗಾಗಿ ಅಜ್ಜಗ ತನಗ ಸಂಬಂಧಪಟ್ಟ ಕಟ್ಟಳಿ ಯಾವುದು ಅನ್ನೋದು ಬರೋಬ್ಬರಿ ಗೊತ್ತಿತ್ತು. ಬ್ರಿಟಿಷರು ಭಾಳ ಒಳ್ಳೇವರು ಅಂತ ಇದನ್ನ ಹೇಳಾಕತ್ತಿಲ್ಲ. ಅವರಿಗೆ ಕರ ವಸೂಲಿ ಆಗಬೇಕಿತ್ತು, ಅದಕ್ಕ ತಿಳಿಸತಿದ್ದರು.

ಈಗ 1974ಕ್ಕ ಬರೋಣು. ನಾನಾಗ ಸಣ್ಣವ. ಆ ಒಂದ ವರ್ಷದಾಗ ನಮ್ಮ ಹೊಳಿಗೆ ಎರಡು ದೊಡ್ಡ ಕಾಯ್ದೆ ಅಂಟಿದವು. ಮಾರ್ಚ್ 23ಕ್ಕ ಜಲ ಮಾಲಿನ್ಯ ನಿಯಂತ್ರಣ ಕಾಯ್ದೆ ಬಂತು, ಸೆಪ್ಟೆಂಬರ್ 21ಕ್ಕ ನಮ್ಮ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ಹುಟ್ಟಿತು. ಅದೇ ವರ್ಷ ಧುಪದಾಳದ ಹಿನ್ನೀರು ಮತ್ತು ಸುತ್ತಲ ಜಾಗ, ಸುಮಾರು 29.78 ಚದರ ಕಿಲೋಮೀಟರ್, ಘಟಪ್ರಭಾ ಪಕ್ಷಿಧಾಮ ಅಂತ ಆಯಿತು. ಚಳಿಗಾಲಕ್ಕ ಪರದೇಶದಿಂದ ಬರೋ ಕೊಕ್ಕರೆಗಳನ್ನ ನೀವೂ ನೋಡಿರಬೇಕು, ಕಡ್ಲಿ ಹೊಲದಾಗ ಸಾಲಾಗಿ ನಿಂತಿರತಾವ. ಇದಾದ ಮೂರು ವರ್ಷಕ್ಕ, 1977ರಲ್ಲಿ, ಹಿಡಕಲ್ ಡ್ಯಾಂ ಮುಗೀತು, 51 ಟಿಎಂಸಿ. ಹಿಡಕಲ್ ಡ್ಯಾಮಿನ ಬಗ್ಗೆ ನಮ್ಮ ಊರಾಗ ಯಾರನ್ನ ಕೇಳಿದ್ರೂ ತಾಸಗಟ್ಟಲೆ ಹೇಳತಾರ. ಉಳಿದ ಎರಡರ ಬಗ್ಗೆ ಕೇಳ್ರಿ, ಮಾತು ನಿಲ್ಲತೈತಿ. ಡ್ಯಾಮು ನೀರು ತಂತು, ಅದಕ್ಕ ನೆನಪೈತಿ. ಕಾಯ್ದೆ ಎರಡೂ ಗೆಜೆಟಿನ್ಯಾಗ ಬಂದು ಗೆಜೆಟಿನ್ಯಾಗ ಉಳದವು. ಹಲಗಿ ಬಡದವರಿಲ್ಲ.

ಇಲ್ಲಿ ಒಂದು ಮಾತು ದನ ಮೇಯಿಸೋವರಿಗೆ. 1972ರ ವನ್ಯಜೀವಿ ಕಾಯ್ದೆಯಾಗ ರಾಷ್ಟ್ರೀಯ ಉದ್ಯಾನ ಬ್ಯಾರೆ, ಅಭಯಾರಣ್ಯ ಬ್ಯಾರೆ. ಉದ್ಯಾನದೊಳಗ ದನ ಮೇಯಿಸೋದು ಪೂರಾ ಬಂದ್. ಅಭಯಾರಣ್ಯದೊಳಗ ಹಂಗಲ್ಲ, 33ನೇ ಕಲಮಿನಂತೆ ಅರಣ್ಯ ಇಲಾಖೆ ಅದನ್ನ ನಿಯಂತ್ರಣ ಮಾಡಬಹುದು, ಅವರು ಒಪ್ಪಿದಷ್ಟು ಮೇಯಿಸಿದರ ಅದು ಗುನ್ನೆ ಅಲ್ಲ. ಪಕ್ಷಿಧಾಮ ಅಂದ್ರ ಅಭಯಾರಣ್ಯದ ಲೆಕ್ಕ. ಈ ಸಣ್ಣ ಫರಕು ಗೊತ್ತಿಲ್ಲದ ಎಷ್ಟು ಜಗಳ ಆಗ್ಯಾವ ಅನ್ನೋದು ಹಿನ್ನೀರಿನ ಹಳ್ಳಿಯವರಿಗೆ ಗೊತ್ತು.

ಮುಂದ 1984ರ ಡಿಸೆಂಬರಿನ್ಯಾಗ ಭೋಪಾಲದ ವಿಷಾನಿಲ. ಅದರ ಬೆನ್ನ ಹಿಂದ 1986ರ ಪರಿಸರ ಸಂರಕ್ಷಣಾ ಕಾಯ್ದೆ. ಆ ಕಾಯ್ದೆಯ ಹೊಟ್ಟಿಯಿಂದ 1994ರ ಜನವರಿ 27ಕ್ಕ ಪರಿಸರ ಪರಿಣಾಮ ಅಂದಾಜಿನ ಅಧಿಸೂಚನೆ ಬಂತು. ದೊಡ್ಡ ಕಾರ್ಖಾನಿ, ಗಣಿ, ಡ್ಯಾಮು ಮಾಡೋವರು ಮೊದಲ ಪರಿಸರದ ಮಂಜೂರಿ ತಗೋಬೇಕು ಅಂತ. ಜನರನ್ನ ಕೂಡಿಸಿ ಅಹವಾಲು ಕೇಳಬೇಕು ಅನ್ನೋದು 1997ರ ಏಪ್ರಿಲ್‌ನಲ್ಲಿ ಸೇರಿತು. ಈಗ ನಡೆಯೋದು 2006ರ ಸೆಪ್ಟೆಂಬರ್ 14ರ ಅಧಿಸೂಚನೆ. ನಮ್ಮ ಜಿಲ್ಲೆಗೆ ಇದು ಯಾಕ ಬೇಕು ಅಂದ್ರ, ದಿನಕ್ಕ 5000 ಟನ್ ಮತ್ತು ಅದಕ್ಕಿಂತ ಹೆಚ್ಚು ಕಬ್ಬು ನುರಿಸೋ ಕಾರ್ಖಾನಿ ಇದರ ಪಟ್ಟಿಯಾಗ ಐತಿ.

ಆ ಅಧಿಸೂಚನೆಯ ಕೊನೆಗೆ ಅಹವಾಲು ಸಭೆ ಹೆಂಗ ಮಾಡಬೇಕು ಅಂತ ಒಂದು ಅನುಬಂಧ ಐತಿ. ನಾನು ಅದನ್ನ ಓದಿದಾಗ ಎದ್ದು ಕುಂತೆ. ವರದಿಯ ಸಾರಾಂಶ ಇಂಗ್ಲಿಷಿನಲ್ಲಷ್ಟೇ ಅಲ್ಲ, ಸ್ಥಳೀಯ ಭಾಷೆಯಲ್ಲೂ ಇರಬೇಕು. ಅದರ ಪ್ರತಿ ಡಿಸಿ ಆಫೀಸು, ಜಿಲ್ಲಾ ಪಂಚಾಯತಿಗಷ್ಟೇ ಅಲ್ಲದೆ ಸಂಬಂಧಪಟ್ಟ ಪಂಚಾಯತಿಗೂ ಹೋಗಬೇಕು. ಕನಿಷ್ಠ 30 ದಿವಸದ ನೋಟೀಸು. ಸಭೆ ನಡೆಸೋವರು ಡಿಸಿ, ಇಲ್ಲಾ ಅವರ ಪ್ರತಿನಿಧಿಯಾಗಿ ಎಡಿಸಿಗಿಂತ ಕಡಿಮೆ ಇಲ್ಲದ ಅಧಿಕಾರಿ. ಇಡೀ ಸಭೆ ವಿಡಿಯೋ ಆಗಬೇಕು. ಕಡೀಕ ಜನ ಹೇಳಿದ್ದರ ಸಾರಾಂಶವನ್ನ ಅಲ್ಲೇ, ನಮ್ಮ ಭಾಷೆಯಲ್ಲೇ ಓದಿ ಹೇಳಬೇಕು. ಮತ್ತ ಪೇಪರ್ ಮುಟ್ಟದ ಊರಾಗ ಡಂಗುರ ಹೊಡಿಸಿ ತಿಳಿಸಬೇಕು ಅಂತನೂ ಬರದಾರ! ಅಜ್ಜನ ಕಾಲದ ಹಲಗಿ ದಿಲ್ಲಿಯ ಗೆಜೆಟಿನ್ಯಾಗ ಹೋಗಿ ಕುಂತಿತ್ತು.

ಕೆಲವು ವರ್ಷದ ಹಿಂದ ನಮ್ಮ ಕಡೆಯ ಒಂದು ಕಾರ್ಖಾನಿಯ ವಿಸ್ತರಣೆಗೆ ಇಂಥಾ ಸಭೆ ಇತ್ತು. ಸಾರಾಂಶದ ಪ್ರತಿ ಪಂಚಾಯತಿಗೆ ಬಂದಿತ್ತು ಖರೇ, ದಾರ ಬಿಚ್ಚದ ಕಪಾಟಿನ್ಯಾಗ ಕುಂತಿತ್ತು. ಒಬ್ಬ ಮೆಂಬರ್ ಅದನ್ನ ಭೂಸ್ವಾಧೀನದ ಕಾಗದ ಅಂತ ತಿಳಿದು ಹೆದರಿ ಯಾರಿಗೂ ಹೇಳಿರಲಿಲ್ಲ. 30 ದಿವಸದಾಗ 20 ಹಂಗ ಹೋದವು. ಉಳಿದ ದಿನದಾಗ ಹಣಮಪ್ಪನ ಗುಡಿ ಕಟ್ಟಿಗೆ ಕುಂತು, ಅಧ್ಯಕ್ಷರು, ಮೆಂಬರು, ನಾವು ನಾಲ್ಕು ಮಂದಿ ರೈತರು ಕೂಡಿ ಜೋರಾಗಿ ಓದಿದೆವು. ನಕಾಶದಾಗ ನಮ್ಮ ಹಳ್ಳಕ್ಕ ಹೆಸರ ಇರಲಿಲ್ಲ, ಮಳಿ ನೀರು ಹರಿಯೋ ತಗ್ಗು ಅಂತ ಬರದಿತ್ತು. ಆ ತಗ್ಗಿನ ಆಸರೆಗೆ 14 ಬಾವಿ ಅದಾವ, ಒಂದು ನಂದು. ಸಭೆಯಾಗ ಅಧ್ಯಕ್ಷರೇ ಎದ್ದು ನಿಂತು ಬಾವಿ ಬಾವಿಯ ಸರ್ವೆ ನಂಬರ್ ಹೇಳಿದರು. ಮುಂದ ಬಂದ ಮಂಜೂರಿ ಪತ್ರದ ಷರತ್ತಿನ್ಯಾಗ ಹಳ್ಳದ ಹೆಸರು ಬಂತು. ಷರತ್ತು ಪೂರಾ ನಡದೈತೋ ಇಲ್ಲೋ ಅನ್ನೋದು ಇನ್ನೊಂದು ಲೇಖನದ ಮಾತು.

ಭಾಷೆಯ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡತೇನಿ. 1982ರ ಗೋಕಾಕ ಚಳವಳಿ ನಡೆದಾಗ ನಾನು ಸಾಲಿಯಾಗಿದ್ದೆ. ಹೆಸರು ಕೇಳಿ ನಮ್ಮ ಊರಿಂದ ಅಂತ ತಿಳಿದಿದ್ದೆ. ಅದು ವಿನಾಯಕ ಕೃಷ್ಣ ಗೋಕಾಕರ ವರದಿಯಿಂದ ಬಂದ ಹೆಸರು, ಸಾಲಿಯಾಗ ಕನ್ನಡಕ್ಕ ಮೊದಲ ಜಾಗ ಕೊಡ್ರಿ ಅನ್ನೋ ಹೋರಾಟ. ಸಾಲಿಯಾಗ ಕನ್ನಡ ಬಂತು. ಹೊಳಿ, ಹೊಲದ ಕಾನೂನಿನ್ಯಾಗ ಬರಾಕ 2020 ಬೇಕಾತು. ಆ ವರ್ಷ 2006ರ ಅಧಿಸೂಚನೆ ಬದಲಿಸೋ ಕರಡು ಬಂತು, ಗೆಜೆಟಿನ್ಯಾಗ ಏಪ್ರಿಲ್ 11ಕ್ಕ. ನೆನಪೈತಿಲ್ಲ ಆ ತಿಂಗಳು? ಲಾಕ್‌ಡೌನು. ಟೊಮ್ಯಾಟೊ ಹೊಲದಾಗ ಕೊಳೀತಿದ್ದವು, ಗೆಜೆಟ್ ಯಾರು ನೋಡತಾರ? ಅಹವಾಲು ಸಭೆಯ ನೋಟೀಸು 30 ದಿವಸ ಇದ್ದದ್ದನ್ನ 20 ಮಾಡೋದು ಅದರಾಗಿತ್ತು. ನಮ್ಮ ಕಪಾಟಿನ ಲೆಕ್ಕ ಹಿಡದರ ಸಭೆಯೇ ಮುಗದು ಹೋಗತಿತ್ತು.

ಜೂನ್ 30ಕ್ಕ ದಿಲ್ಲಿ ಹೈಕೋರ್ಟು, ಕರಡನ್ನ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗೂ ಹತ್ತು ದಿನದೊಳಗ ಅನುವಾದ ಮಾಡ್ರಿ ಅಂತ ಹೇಳಿ, ಆಕ್ಷೇಪಣೆಯ ಮುದ್ದತು ಆಗಸ್ಟ್ 11ರವರೆಗೆ ಮುಂದ ಹಾಕಿತು. ಬೆಂಗಳೂರಿನ ಯುನೈಟೆಡ್ ಕನ್ಸರ್ವೇಷನ್ ಮೂವ್‌ಮೆಂಟ್ ಅನ್ನೋ ಸಂಸ್ಥೆಯವರು ನಮ್ಮ ಹೈಕೋರ್ಟಿಗೆ ಹೋಗಿದ್ದರು. ಆಗಸ್ಟ್ 5ಕ್ಕ ನಮ್ಮ ಹೈಕೋರ್ಟು, ಸೆಪ್ಟೆಂಬರ್ 7ರವರೆಗೆ ಅಂತಿಮ ಅಧಿಸೂಚನೆ ಹೊರಡಿಸಬ್ಯಾಡ್ರಿ ಅಂತ ತಡೆ ಕೊಟ್ಟಿತು. ಕನ್ನಡದಾಗ ಸರಿಯಾಗಿ ಪ್ರಚಾರ ಆಗಿಲ್ಲ ಅನ್ನೋದು ಅಲ್ಲಿನ ಮುಖ್ಯ ಮಾತು. ಕೇಂದ್ರ ಸರಕಾರ ದಿಲ್ಲಿ ಹೈಕೋರ್ಟಿನ ಆದೇಶದ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋತು, ಕಾನೂನಿನ ಪ್ರಕಾರ ಹಿಂದಿ, ಇಂಗ್ಲಿಷ್ ಸಾಕು ಅನ್ನೋದು ಅವರ ವಾದ. ಅಲ್ಲಿ ಮೇಲ್ಮನವಿ ನಿಲ್ಲಲಿಲ್ಲ, ಬೇಕಾದರ ಹೈಕೋರ್ಟಿನಲ್ಲೇ ಮರುಪರಿಶೀಲನೆ ಕೇಳ್ರಿ ಅಂತ ಕಳಿಸಿದರು. ಆ ಕರಡು ಅಂತಿಮ ಆಗಲೇ ಇಲ್ಲ. 2006ರದ್ದೇ ತಿದ್ದುಪಡಿ ಮ್ಯಾಲೆ ತಿದ್ದುಪಡಿ ಹಚ್ಚಕೊಂಡು ನಡದೈತಿ.

ಈಗ ಆ ಹುಡುಗನ ಶೆಡ್ಡಿನ ಪ್ರಶ್ನೆ. ಇದು ನಮ್ಮ ಮನಿತನದಾಗೂ ಆಗೇತಿ. ನಮ್ಮಕ್ಕನ ಊರು ಹಿನ್ನೀರಿನ ಸನೇಕ. 2019ರ ಆಗಸ್ಟಿನ ಮಹಾಪೂರದಾಗ ಅಕ್ಕನ ದನದ ಮನಿ ಬಿತ್ತು. ಮಾವ ಮೊದಲ ತೀರಿಕೊಂಡಾರ, ಅಕ್ಕಗ ಇದ್ದದ್ದು ಎರಡು ಎಮ್ಮಿ. ಅದು ಇದು ಕಾಗದ ಕೂಡಿಸಿ ನರೇಗಾದಾಗ ಕೊಟ್ಟಿಗೆಗೆ ಅರ್ಜಿ ಕೊಡೋದರಾಗ 2022 ಬಂತು. ಆ ವರ್ಷ ಜೂನ್ 3ಕ್ಕ ಸುಪ್ರೀಂ ಕೋರ್ಟಿನ ಆದೇಶ ಆಗಿತ್ತು. ಪ್ರತಿ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದ ಗಡಿಯಿಂದ ಕನಿಷ್ಠ 1 ಕಿಲೋಮೀಟರ್ ಪರಿಸರ ಸೂಕ್ಷ್ಮ ವಲಯ ಇರಬೇಕು, ಅದರೊಳಗ ಯಾವ ಕಾರಣಕ್ಕೂ ಹೊಸ ಕಾಯಂ ಕಟ್ಟಡ ಏಳಬಾರದು ಅಂತ. ಪಿಡಿಒ ಮೇಡಂ ಅರ್ಜಿ ಬದಿಗಿಟ್ಟರು. ಅವರದು ತಪ್ಪಲ್ಲ, ಆದೇಶದಾಗ ಹಂಗ ಇತ್ತು.

ತಪ್ಪಿದ್ದು ಮುಂದ. 2023ರ ಏಪ್ರಿಲ್ 26ಕ್ಕ ಅದೇ ಕೋರ್ಟು ಆ ಆದೇಶ ತಿದ್ದಿತು. ಆ ವಲಯದ ಅಧಿಸೂಚನೆ ಅಥವಾ ಕರಡು ಆಗಲೇ ಹೊರಬಿದ್ದಲ್ಲಿ 1 ಕಿಲೋಮೀಟರಿನ ಮಾತು ಹತ್ತೂದಿಲ್ಲ. ಕಾಯಂ ಕಟ್ಟಡ ಪೂರಾ ಬಂದ್ ಅಂದ್ರ ಹಳ್ಳಿಯವರು ಬೆಳೆದ ಕುಟುಂಬಕ್ಕ ಇನ್ನೊಂದು ಖೋಲಿ ಕಟ್ಟಾಕೂ ಬರೂದಿಲ್ಲ ಅನ್ನೋದನ್ನ ಕೋರ್ಟು ಒಪ್ಪಿತು. 2011ರ ಮಾರ್ಗಸೂಚಿ ಮತ್ತು ಆಯಾ ಜಾಗದ ಅಧಿಸೂಚನೆ ನೋಡಿ ನಡೀರಿ ಅಂದಿತು. ಗಣಿಗಾರಿಕೆ ಮಾತ್ರ ಒಳಗೂ ಬಂದ್, ಸುತ್ತ 1 ಕಿಲೋಮೀಟರೂ ಬಂದ್. ಆ ಮಾರ್ಗಸೂಚಿಯಾಗ ಮೂರು ಥರ ಮಾಡ್ಯಾರ: ಪೂರಾ ನಿಷೇಧ, ನಿಯಂತ್ರಣ, ಅನುಮತಿ. ಸ್ಥಳೀಯರ ಒಕ್ಕಲುತನ ಅನುಮತಿಯ ಪಟ್ಟಿಯಾಗ ಐತಿ.

ಬ್ಯಾಡ ಅನ್ನೋ ಸುದ್ದಿ ಹದಿನೈದು ದಿವಸದಾಗ ಊರು ಮುಟ್ಟಿತ್ತು. ತಿದ್ದಿದ ಸುದ್ದಿ ಏಳು ತಿಂಗಳಾದರೂ ಮುಟ್ಟಲಿಲ್ಲ. ಅಕ್ಕ ಎರಡು ಮಳಗಾಲ ಎಮ್ಮಿಗಳನ್ನ ತಾಡಪತ್ರಿ ಕೆಳಗ ಕಟ್ಟಿದಳು. ಎರಡನೇ ಮಳಗಾಲದಾಗ ಒಂದು ಸತ್ತಿತು, ಗಬ್ಬದ ಎಮ್ಮಿ.

ದೀಪಾವಳಿ ಮುಂದ ನಾನು ಹೋದೆ. ಜಗಳ ತಗೀಬೇಕು ಅಂತ ಹೋಗಿದ್ದೆ, ಸುಳ್ಳು ಯಾಕ ಹೇಳಲಿ. ಮೇಡಂ ಟೇಬಲ್ ಮ್ಯಾಲೆ ಅಷ್ಟೆತ್ತರ ಫೈಲು, ಎರಡು ಪಂಚಾಯತಿಯ ಚಾರ್ಜು. "ಕಾಕಾರ, ಕೋರ್ಟಿನ ಆದೇಶ ಐತಿ, ನಾ ಸಹಿ ಮಾಡಿದ್ರ ನನ್ನ ನೌಕರಿಗೆ ಬರತೈತಿ" ಅಂದರು. ತಿದ್ದಿದ ಆದೇಶ ನೋಡಿರೇನ್ರಿ ಅಂದೆ. ನೋಡಿರಲಿಲ್ಲ. ನಮ್ಮ ಅಳಿಯ ವಕೀಲಿ ಓದತಾನ, ಅವ ಬೇಕಾದ ಪುಟ ಕನ್ನಡದಾಗ ಬರದು ಕೊಟ್ಟಿದ್ದ. ಮೇಡಂ ಒಂದ ತಾಸು ಕುಂತು ಓದಿದರು, ನಡುವ ನಡುವ ನನ್ನ ಕೇಳಿದರು. ನನಗೂ ತಿಳೀದ ಕಡೆ ಅಳಿಯಗ ಫೋನ್ ಹಚ್ಚಿದೆವು. ಕಡೀಕ ಅವರ ಒಂದು ದಾರಿ ಹೇಳಿದರು: ನಾ ಹೌದು ಅಂತನೂ ಬರಿಯೂದಿಲ್ಲ, ಇಲ್ಲ ಅಂತನೂ ಬರಿಯೂದಿಲ್ಲ, ಸರ್ವೆ ನಂಬರ್ ಹಾಕಿ ವಲಯ ಅರಣ್ಯಾಧಿಕಾರಿಗೆ ಕೇಳತೇನಿ. ಪತ್ರದಾಗ ಎರಡೂ ಆದೇಶದ ತಾರೀಖು ಹಾಕಿದರು. ಉತ್ತರ ಬರಾಕ ಐದು ವಾರ ಹಿಡೀತು. ದನದ ಕೊಟ್ಟಿಗೆಗೆ ಅಡ್ಡಿ ಇಲ್ಲ, ಮರ ಕಡೀಬಾರದು, ಸಗಣಿ ನೀರು ಹೊಳಿಗೆ ಬಿಡಬಾರದು ಅಂತ ಬರದಿದ್ದರು. ಕೊಟ್ಟಿಗೆ ಆತು. ಅದಾದ ಮ್ಯಾಲೆ ಅದೇ ಪತ್ರ ಇಟ್ಟುಕೊಂಡು ಆ ಪಂಚಾಯತಿಯಾಗ ಇನ್ನೂ ಆರು ಅರ್ಜಿ ಬಿಡುಗಡೆ ಆದವು.

ಮೇಡಂಗ ವರ್ಗ ಆಗೇತಿ. ಹೊಸಬರು ಬಂದಾರ, ಹುಡುಗನ ಮಾತು ನೋಡಿದ್ರ ಅವರಿಗೆ ಹಳೇ ಸುದ್ದಿ ಮಾತ್ರ ಗೊತ್ತೈತಿ ಅನಸತೈತಿ. ಹುಡುಗನ ಸರ್ವೆ ನಂಬರ್ ಬರಕೊಂಡೇನಿ. ಅಕ್ಕನ ಪತ್ರದ ಝೆರಾಕ್ಸ್ ತಗಸಿಟ್ಟೇನಿ. ಸೋಮವಾರ ಹತ್ತೂವರಿಗೆ ಪಂಚಾಯತಿಗೆ ಹೋಗೋದೈತಿ, ಹಿನ್ನೀರಿನ ಕಡೆಯವರು ಯಾರರ ಬರೋರಿದ್ದರ ಉತಾರ ತಗೊಂಡು ಬರ್ರಿ.