ಒಲೆಗೆ ಮೀಟರಿಲ್ಲ

ರಾಮನಗರದ ರೇಷ್ಮೆ ಬಿಚ್ಚಾಣಿಕೆಯ ಮನೆಗಳಲ್ಲಿ ಗೂಡು ಬೆಂದು ಎಳೆ ಸಡಿಲವಾದ ಮೇಲೆಯೇ ಚರಕ ತಿರುಗುವುದು. ಈ ಕಸುಬಿನಲ್ಲಿ ಮುಸ್ಲಿಮ್ ಕುಟುಂಬಗಳೇ ಹೆಚ್ಚು. ಹೊಗೆಯ ನಡುವೆ ಬಿಸಿನೀರಿಗೆ ಬೆರಳದ್ದುವವರಲ್ಲಿ ಹೆಂಗಸರು ಬಹಳ. ಕಟ್ಟಡಗಳಿಂದ ಹೊರಬೀಳುವ ಇಂಗಾಲವನ್ನು ತಗ್ಗಿಸಲು ಬಂದ ಕಾನೂನುಗಳ ಚರಿತ್ರೆಯನ್ನು ನಾವು ಈ ಒಲೆಯ ಪಕ್ಕ ನಿಂತು ನೋಡಬಯಸುತ್ತೇವೆ.

2001ರ ಇಂಧನ ಸಂರಕ್ಷಣಾ ಕಾಯ್ದೆಯ ಕಣ್ಣಿದ್ದುದು ಕನಿಷ್ಠ 500 ಕಿಲೋವಾಟ್ ವಿದ್ಯುತ್ ಲೋಡ್ ಇರುವ ವಾಣಿಜ್ಯ ಕಟ್ಟಡಗಳ ಮೇಲೆ. 2010ರ ತಿದ್ದುಪಡಿ ಈ ಮಿತಿಯನ್ನು 100ಕ್ಕೆ ಇಳಿಸಿತು. ಇದರ ನಡುವೆ, 2007ರ ಮೇ ತಿಂಗಳಲ್ಲಿ ಕೇಂದ್ರದ ಕಟ್ಟಡ ಸಂಹಿತೆ ಬಂತು. ಹೊಸ ಕಟ್ಟಡದ ಗೋಡೆ, ಚಾವಣಿ, ಗಾಜು, ದೀಪ, ಹವಾನಿಯಂತ್ರಣ ಹೇಗಿರಬೇಕೆಂದು ಅದು ಹೇಳಿತು. ಕಡ್ಡಾಯ ಮಾಡುವ ಕೆಲಸ ಮಾತ್ರ ರಾಜ್ಯಗಳ ಪಾಲಿಗೆ ಬಿತ್ತು.

ಅದೇ ವರ್ಷ ಆಗಸ್ಟ್‌ನಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೇರಿ ಪ್ರತ್ಯೇಕ ಜಿಲ್ಲೆಯಾಯಿತು. (2025ರಲ್ಲಿ ಅದು ಬೆಂಗಳೂರು ದಕ್ಷಿಣ ಎನಿಸಿಕೊಂಡಿತು. ಹೆಸರು ಬದಲಿಸುವುದು ಒಲೆ ಬದಲಿಸುವುದಕ್ಕಿಂತ ಸುಲಭ.) ನವೆಂಬರ್‌ನಲ್ಲಿ ರಾಜ್ಯ ಸರಕಾರ ಇದೇ ಕಾಯ್ದೆಯ ಅಧಿಕಾರ ಬಳಸಿ ಆಸ್ಪತ್ರೆ, ಹೋಟೆಲುಗಳಿಗೂ, ತಯಾರಿಕೆಗೆ ಬಿಸಿನೀರು ಬೇಕಾದ ಉದ್ದಿಮೆಗಳಿಗೂ ಸೋಲಾರ್ ವಾಟರ್ ಹೀಟರ್ ಕಡ್ಡಾಯಗೊಳಿಸಿತು. ಅಕ್ಷರಶಃ ಓದಿದರೆ ಬಿಚ್ಚಾಣಿಕೆಯೂ ಇದರಲ್ಲಿ ಬರಬೇಕು! ಆದರೆ ಸ್ನಾನಕ್ಕೆ ಸಾಕಾಗುವ 60 ಡಿಗ್ರಿಯ ನೀರಿನಲ್ಲಿ ಗೂಡು ಬೇಯುವುದಿಲ್ಲ. ಅದಕ್ಕೆ ಹೆಚ್ಚುಕಡಿಮೆ ಕುದಿಯುವ ನೀರೇ ಬೇಕು. ಹಾಗಾಗಿ ಸೋಲಾರ್ ಇದ್ದರೂ ಸೌದೆ ತಪ್ಪದು.

2022ರ ತಿದ್ದುಪಡಿ ವಾಸದ ದೊಡ್ಡ ಕಟ್ಟಡಗಳನ್ನೂ ಒಳಗೆ ತಂದು, ಇಂಗಾಲದ ಕೊಡುಕೊಳ್ಳುವಿಕೆಗೆ ದಾರಿ ಮಾಡಿತು. ಅಳತೆಗೋಲು ಅದೇ ಕಿಲೋವಾಟ್. ಚರಕದ ಶೆಡ್ಡಿನಲ್ಲಿ ಮೀಟರು ಓಡುವುದು ದೀಪಕ್ಕೆ, ಸಣ್ಣ ಮೋಟಾರಿಗೆ, ಬೆಂಕಿಗೆ ಮೀಟರಿಲ್ಲ. ಕಡಿದಷ್ಟು ಮರ ಮತ್ತೆ ಬೆಳೆಯದಿದ್ದರೆ ಸೌದೆಯ ಇಂಗಾಲವೂ ಗಾಳಿಯಲ್ಲೇ ಉಳಿಯುತ್ತದೆ. ಆದರೂ ಈ ಸಣ್ಣ ಶೆಡ್ಡುಗಳ ಮೇಲೆ ದಂಡದ ಬರೆ ಬೀಳಬೇಕೆಂದು ನಾವು ಹೇಳುವುದಿಲ್ಲ. ಅವರಿಗೆ ಬೇಕಾದದ್ದು ಬೇರೆ ಒಲೆ. ಅದು ಸಿಗದ ವಸ್ತುವೇನಲ್ಲ: 1990ರ ದಶಕದಲ್ಲೇ ಸ್ವಿಸ್ ನೆರವಿನಿಂದ ಟೆರಿ ಸಂಸ್ಥೆ ರೇಷ್ಮೆ ಬಿಚ್ಚಾಣಿಕೆಗೆಂದು, ಕಡಿಮೆ ಸೌದೆ ಸಾಕಾಗುವ ಗ್ಯಾಸಿಫೈಯರ್ ಒಲೆಯನ್ನು ರೂಪಿಸಿತ್ತು. ಪ್ರತಿ ರಾಜ್ಯವೂ ಇಂಧನ ಸಂರಕ್ಷಣಾ ನಿಧಿ ಸ್ಥಾಪಿಸಬೇಕೆಂದು 2001ರ ಕಾಯ್ದೆಯ 16ನೇ ಕಲಮು ಹೇಳುತ್ತದೆ. ಒಲೆ ಬದಲಿಸಲು ಆ ನಿಧಿಯಿಂದ ಪಾಲು ಕೊಡಿ ಎಂದು ರಾಮನಗರದ ಬಿಚ್ಚಾಣಿಕೆದಾರರು ಕೇಳಬಹುದು.