ಡ್ರೈಯರ್ ಯಾಕ ಒಣಗಸಲ್ಲ? (ಭಾಗ 3)
ಆಳಂದದ ಮೇ ಬಿಸಿಲಿಗೆ ಪ್ಯಾಂಟು ಸೈತ ತಾಸಿನಾಗ ಒಣಗ್ತದ. ಮಳಿಗಾಲದಾಗ ಮಾತ್ರ ಸೋಮವಾರ ಮುಂಜಾನಿ ಮಗಳ ಯೂನಿಫಾರ್ಮ್ ಹಸಿ! ಡ್ರೈಯರ್ ಕೆಟ್ಟದ ಅಂತ ರಿಪೇರಿಗೆ ರೊಕ್ಕಾನೂ ಕೊಟ್ಟೆ. ಕೆಟ್ಟಿರಲಿಲ್ಲ.

1800ರ ಸುಮಾರಿಗೆ ಫ್ರಾನ್ಸಿನ ಪೋಶೋನ್ ತೂತಿನ ಡ್ರಮ್ಮಿನಲ್ಲಿ ಬಟ್ಟೆ ತುಂಬಿ ಬೆಂಕಿಯ ಮೇಲೆ ಕೈಯಿಂದ ತಿರುಗಿಸುವ ಯಂತ್ರ ಮಾಡಿದ (ಹೊಗೆವಾಸನೆ ಪುಕ್ಕಟೆ). 1892ರಲ್ಲಿ ಅಮೆರಿಕದ ಜಾರ್ಜ್ ಸ್ಯಾಂಪ್ಸನ್ ಒಲೆಯ ಬಿಸಿಗೆ ಬಟ್ಟೆ ಒಣಗಿಸುವ ಚೌಕಟ್ಟಿಗೆ ಪೇಟೆಂಟ್ ಪಡೆದ.

ನಮ್ಮ ಸೆಮಿ ಆಟೋಮ್ಯಾಟಿಕ್‌ನ ಸಣ್ಣ ಡಬ್ಬಿ ಆ ವಂಶದ್ದಲ್ಲ. ಅದರ ಪೂರ್ವಜ 19ನೇ ಶತಮಾನದ ಬಟ್ಟೆ ಗಿರಣಿಗಳ ಹಿಂಡುಯಂತ್ರ. ಬಿಸಿಯೇ ಇಲ್ಲ, ಗರಗರ ತಿರುಗಿ ನೀರು ಹೊರಗ ಒಗಿತದ, ಉಳಿದದ್ದು ಗಾಳಿ ಕೆಲಸ. ಮಳಿಗಾಳಿಗೆ ಅದು ಆಗಲ್ಲ, ಫ್ಯಾನ್ ಕೆಳಗ ಹಾಕ್ರಿ.

ನೀರೂ ಹಿಂಡದಿದ್ರ? ಬಟ್ಟಿ ಒಂದೇ ಕಡಿ ಗುಂಪಾಗ್ಯಾವೇನು, ಮುಚ್ಚಳ ಪೂರಾ ಕುಂತದೇನು, ನೀರಿನ ಪೈಪ್ ಮಡಚ್ಯಾದೇನು ನೋಡ್ರಿ. ಮೆಕ್ಯಾನಿಕ್ ಆಮ್ಯಾಲೆ.