ಬೇವಿನ ಕಷಾಯದ ಬೆಳ್ಳಿಗೆ ಹಿರಿಯರು ಯಾರು?

ಬೇವಿನೆಲೆ ಕುದಿಸಿ ಸೋಸಿದ ನೀರಿಗೆ ಸಿಲ್ವರ್ ನೈಟ್ರೇಟ್ ಬೆರೆಸಿದರೆ ತಿಳಿಹಳದಿ ದ್ರವ ಕ್ರಮೇಣ ಕಂದು ಬಣ್ಣಕ್ಕೆ ತಿರುಗುತ್ತದೆ. ಎಲೆಯ ಸಕ್ಕರೆ, ಫೀನಾಲ್, ಟರ್ಪಿನಾಯ್ಡ್‌ಗಳು ಬೆಳ್ಳಿಯ ಅಯಾನುಗಳಿಗೆ ಎಲೆಕ್ಟ್ರಾನು ಕೊಟ್ಟು ನ್ಯಾನೋಕಣಗಳನ್ನು ಹುಟ್ಟಿಸುತ್ತವೆ. ಎಲೆಯದೇ ಅಂಶಗಳು ಕಣಗಳಿಗೆ ಹೊದಿಕೆಯಾಗಿ ಅವು ಒಂದಕ್ಕೊಂದು ಅಂಟದಂತೆ ಕಾಯುತ್ತವೆ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಮುರಳಿ ಶಾಸ್ತ್ರಿ ಮತ್ತು ಸಂಗಡಿಗರು 2003ರಲ್ಲಿ ಜೆರೇನಿಯಂ ಎಲೆಯಿಂದಲೂ 2004ರಲ್ಲಿ ಬೇವಿನೆಲೆಯಿಂದಲೂ ಇದನ್ನು ಮಾಡಿ ಪ್ರಕಟಿಸಿದರು. ಆಮೇಲೆ ತುಳಸಿ, ನುಗ್ಗೆ, ಲೋಳೆಸರಗಳೂ ಪ್ರಯೋಗಶಾಲೆ ಹೊಕ್ಕವು. ಇದೆಲ್ಲ ಆಯುರ್ವೇದದ ರಸಶಾಸ್ತ್ರದ ಭಸ್ಮಗಳ ಮುಂದುವರಿಕೆ ಎಂಬ ಮಾತೂ ಹಬ್ಬಿತು. ಈ ವಂಶಾವಳಿಯನ್ನು ನಾನು ಒಪ್ಪಲಾರೆ. ಈ ವಿದ್ಯೆಯ ಹಿರಿಯರು ಹತ್ತೊಂಬತ್ತನೆಯ ಶತಮಾನದ ಕಲಿಲ (ಕೊಲಾಯ್ಡ್) ರಸಾಯನಜ್ಞರು.

ಫಿಲಡೆಲ್ಫಿಯಾದ ಕೇರಿ ಲೀ 1889ರಲ್ಲಿ ಕಬ್ಬಿಣದ ಸಿಟ್ರೇಟ್ ಬಳಸಿ ನೀರಿನಲ್ಲಿ ತೇಲಿ ನಿಲ್ಲುವ ಬೆಳ್ಳಿಯನ್ನು ತಯಾರಿಸಿದ. ಕಬ್ಬಿಣ ಎಲೆಕ್ಟ್ರಾನು ಕೊಟ್ಟಿತು, ನಿಂಬೆಹುಳಿಯ ಲವಣವಾದ ಸಿಟ್ರೇಟ್ ಕಣಗಳನ್ನು ಬಿಡಿಬಿಡಿಯಾಗಿ ಉಳಿಸಿತು. ಮುಂದೆ ಅವನು ಪಿಷ್ಟದಿಂದ ಸಿಗುವ ಡೆಕ್ಸ್ಟ್ರಿನ್ನನ್ನೂ ಬಳಸಿದ. ತನಗೆ ಸಿಕ್ಕಿದ್ದು ಬೆಳ್ಳಿಯ ಹೊಸ ರೂಪವೆಂದೇ ಅವನ ನಂಬಿಕೆ. ಆ ಶತಮಾನ ಮುಗಿಯುವ ಮೊದಲೇ ಜರ್ಮನಿಯ ಶಸ್ತ್ರವೈದ್ಯ ಬೆನ್ನೊ ಕ್ರೆಡೆ ಕಲಿಲ ಬೆಳ್ಳಿಯನ್ನು ಕೊಲಾರ್ಗಾಲ್ ಹೆಸರಿನಲ್ಲಿ ಸೋಂಕಿನ ಚಿಕಿತ್ಸೆಗೆ ತಂದ. ಸಸ್ಯಮೂಲದ ವಸ್ತು, ಕರಗಿದ ಬೆಳ್ಳಿಯ ಲವಣ, ಸೂಕ್ಷ್ಮಾಣುವನ್ನು ಕೊಲ್ಲುವ ಉದ್ದೇಶ: ಎಲೆಯ ಬೆಳ್ಳಿಯ ಬೇರುಗಳೆಲ್ಲ ಇಲ್ಲಿವೆ.

ಭಸ್ಮದಲ್ಲೂ ಲೋಹ ಮತ್ತು ಸೊಪ್ಪಿನ ರಸ ಸೇರುವುದಿಲ್ಲವೇ ಎಂದು ಕೇಳಬಹುದು. ಸೇರುತ್ತವೆ. ಆದರೆ ಅಲ್ಲಿ ಶೋಧಿಸಿದ ಲೋಹವನ್ನು ರಸದಲ್ಲಿ ಅರೆದು, ಬಿಲ್ಲೆ ತಟ್ಟಿ, ಮತ್ತೆ ಮತ್ತೆ ಪುಟವಿಡುತ್ತಾರೆ. ರಸ ಬೆಂಕಿಯಲ್ಲಿ ಉರಿದುಹೋಗುತ್ತದೆ. ಭಸ್ಮ ಬೆರಳಿನ ಗೆರೆಯೊಳಗೆ ಇಳಿಯಬೇಕು, ನೀರಿನ ಮೇಲೆ ತೇಲಬೇಕು ಎಂಬ ಅದರ ಪರೀಕ್ಷೆಗಳೂ ಬೇರೆ. ಅದು ಗೌರವಕ್ಕೆ ಅರ್ಹವಾದ ಸ್ವತಂತ್ರ ವಿದ್ಯೆ. ನ್ಯಾನೋ ಎಂಬ ಪದವಿ ಅದಕ್ಕೆ ಬೇಕಾಗಿಲ್ಲ.

ವಂಶಾವಳಿ ತಪ್ಪಾದರೆ ನಷ್ಟವೇನು ಎಂಬ ಪ್ರಶ್ನೆಗೆ ಕೊಲಾರ್ಗಾಲ್‌ನ ಕಾಲವೇ ಉತ್ತರ ಕೊಡುತ್ತದೆ. ಬೆಳ್ಳಿಯ ಔಷಧಗಳನ್ನು ಬಹುಕಾಲ ಸೇವಿಸಿದ ಕೆಲವರ ಚರ್ಮ ನೀಲಿಬೂದಿಗೆ ತಿರುಗಿ ಹಾಗೆಯೇ ಉಳಿಯಿತು. 1940ರ ದಶಕದಲ್ಲಿ ಪೆನಿಸಿಲಿನ್ ಬಂದ ಮೇಲೆ ಅವು ಮೂಲೆ ಸೇರಿದವು. ಕಣ ಹುಟ್ಟಿದ್ದು ಬೇವಿನಲ್ಲಿ ಎಂದಮಾತ್ರಕ್ಕೆ ಬೆಳ್ಳಿಯ ಗುಣ ಬದಲಾಗದು. ಮಣ್ಣು, ಋತು, ಎಲೆಯ ವಯಸ್ಸಿನೊಡನೆ ಕಷಾಯ ಬದಲಾಗುತ್ತದೆ, ಅದರೊಡನೆ ಕಣದ ಗಾತ್ರವೂ. ಆದ್ದರಿಂದ ಬ್ಯಾಕ್ಟೀರಿಯಾದ ತಟ್ಟೆಯಲ್ಲಿ ಎಲೆಯ ಬೆಳ್ಳಿಯ ಪಕ್ಕದಲ್ಲೇ ಬರೀ ಕಷಾಯ, ಬರೀ ಸಿಲ್ವರ್ ನೈಟ್ರೇಟ್ ಮತ್ತು ಸಿಟ್ರೇಟಿನಿಂದ ಮಾಡಿದ ಬೆಳ್ಳಿಯನ್ನೂ ಇಟ್ಟು ಅಳೆಯಬೇಕು. ಎಲೆ ಕಿತ್ತ ಊರು, ತಿಂಗಳುಗಳನ್ನೂ ಬರೆದಿಡಬೇಕು.